ಹೊಟ್ಟೆ ನೋಡಬೇಡಿ, ಬೆನ್ನು ನೋಡಿ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದ ಮೇಲೆ ಸಿಗುವ ಸಣ್ಣ ಊರು. ಎರಡು ಹಲ್ಲಿಕಾರ್ ಹಸು, ಒಂದು ಹಲ್ಲಿಕಾರ್ ಕಡಸು ಇವೆ. ಮೂರೂ ಈಗ ಗಬ್ಬ. ಆಗಸ್ಟ್ ಮೊದಲ ಹದಿನೈದು ದಿನದಲ್ಲಿ ನಮ್ಮೂರ ಹಲ್ಲಿಕಾರ್ ಹೋರಿಯನ್ನೇ ಕೊಡಿಸಿದ್ದು. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಗೋಮಾಳ, ಕೆರೆ ಅಂಗಳ, ಖಾಲಿ ಸೈಟು ಅಂತ ಮೇದು ಸಂಜೆ ಐದಕ್ಕೆ ಬರುತ್ತವೆ. ರಾತ್ರಿ ರಾಗಿ ಹುಲ್ಲು ಹಾಕುತ್ತೇವೆ, ಕಲಗಚ್ಚು ಕುಡಿಸುತ್ತೇವೆ. ಬೇರೇನೂ ಕೊಡುವುದಿಲ್ಲ. ಗಬ್ಬದ ಹಸುವಿಗೆ ಹಿಂಡಿ ಹಾಕಿದರೆ ಕರು ದಪ್ಪಗಾಗಿ ಹೊರಗೆ ಬರಲ್ಲ ಅನ್ನುತ್ತಾರೆ ನಮ್ಮಜ್ಜಿ. ಫೀಡ್ ಅಂಗಡಿಯವರು ದಿನಕ್ಕೆ ತಲಾ ನಾಲ್ಕು ಕೆ.ಜಿ ಫೀಡು, ಜೊತೆಗೆ ಕ್ಯಾಲ್ಸಿಯಂ ಬಾಟಲಿ ಕೊಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ. ಪಕ್ಕದ ಲೇಔಟಿನವರು ಗೃಹಪ್ರವೇಶಕ್ಕೆ ಹಸು ಕೇಳುತ್ತಿರುತ್ತಾರೆ. ಗಬ್ಬದ ಹಸು ಕಳಿಸಬಹುದಾ?

ಉತ್ತರ: ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯಿರಿ. ಹಸುವಿನ ಗಬ್ಬ ಸುಮಾರು 283 ದಿನ. ಆಗಸ್ಟ್ 10ಕ್ಕೆ ಹೋರಿ ಕೊಡಿಸಿದ್ದರೆ ಮೇ 20ರ ಆಸುಪಾಸಿನಲ್ಲಿ ಕರು. ಕೊನೆಯ ಮೂರು ತಿಂಗಳು ಬೀಳುವುದು ಫೆಬ್ರವರಿ 20ರಿಂದ ಮೇ 20ರವರೆಗೆ. ಬೆಂಗಳೂರು ಸೀಮೆಯಲ್ಲಿ ಬಯಲು ಬೋಳಾಗಿರುವ ಕಾಲ ಯಾವುದು ಅಂತ ದನ ಕಾಯುವ ಯಾರನ್ನಾದರೂ ಕೇಳಿ. ಇದೇ ಮೂರು ತಿಂಗಳನ್ನು ಹೇಳುತ್ತಾರೆ. ಹಸುವಿಗೆ ಅತಿ ಹೆಚ್ಚು ಬೇಕಾದಾಗ ನೆಲದಲ್ಲಿ ಅತಿ ಕಡಿಮೆ ಇರುತ್ತದೆ. ನಿಮ್ಮ ಸಮಸ್ಯೆ ಇರುವುದು ಇಲ್ಲೇ. ಅಜ್ಜಿ ಹೇಳಿದ್ದು, ಅಂಗಡಿಯವರು ಹೇಳಿದ್ದು ಎರಡನ್ನೂ ಆಮೇಲೆ ನೋಡೋಣ.

ಹೊಟ್ಟೆಯೊಳಗಿನ ಕರು ಮೊದಲ ಆರು ತಿಂಗಳು ನಿಧಾನವಾಗಿ ಬೆಳೆಯುತ್ತದೆ. ಹುಟ್ಟುವಾಗಿನ ತೂಕದ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬರುವುದು ಕೊನೆಯ ಮೂರು ತಿಂಗಳಲ್ಲಿ. ಹಲ್ಲಿಕಾರ್ ಕರು 20 ಕೆ.ಜಿ ಅಂತ ಇಟ್ಟುಕೊಳ್ಳಿ. ನೀರು, ಮಾಸು, ದೊಡ್ಡದಾದ ಗರ್ಭಕೋಶ ಎಲ್ಲ ಸೇರಿದರೆ 35 ಕೆ.ಜಿ ಹತ್ತಿರ ಬರುತ್ತದೆ. ಹಾಗಾಗಿ ಸಂಕ್ರಾಂತಿಗೆ 270 ಕೆ.ಜಿ ಇದ್ದ ಹಸು ಕರು ಹಾಕುವ ಹಿಂದಿನ ದಿನ 300 ಕೆ.ಜಿ ದಾಟಿರಬೇಕು. ಆಗಲೂ ಅದು 270 ಕೆ.ಜಿಯೇ ಇದೆಯಾ? ಹಾಗಿದ್ದರೆ ಹಸು ತನ್ನ ಮೈಯನ್ನು ಸುಮಾರು 30 ಕೆ.ಜಿ ಕರಗಿಸಿ ಕರುವಿಗೆ ಕೊಟ್ಟಿದೆ ಅಂತ ಅರ್ಥ. ಹೊರಗಿನಿಂದ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹೊಟ್ಟೆ ಗುಂಡಗೆ ಕಾಣುತ್ತದೆ, ‘ಚೆನ್ನಾಗಿದೆಯಲ್ಲ ಹಸು’ ಅಂದುಬಿಡುತ್ತಾರೆ. ಅದಕ್ಕೇ ನಾನು ಹೇಳುವುದು, ಹೊಟ್ಟೆ ನೋಡಬೇಡಿ, ಬೆನ್ನು ನೋಡಿ.

ಬೆನ್ನು ನೋಡುವುದು ಹೇಗೆ? ಕಣ್ಣಿಗಿಂತ ಕೈ ನಂಬಿ. ಎಡಗೈ ಮುಷ್ಟಿ ಬಿಗಿದು, ಬಲಗೈ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ. ಹಸುವಿನ ಪಕ್ಕೆಲುಬು ಸವರಿದಾಗ ಹೀಗೇ ಸಿಕ್ಕಿದರೆ ಅದು ಬಡಕಲು. ಈಗ ಮುಷ್ಟಿ ಬಿಚ್ಚಿ, ಕೈಯನ್ನು ಚಪ್ಪಟೆಯಾಗಿ ಹಿಡಿದು ಮೇಲ್ಭಾಗ ಸವರಿ. ಮೂಳೆ ಇದೆ ಅಂತ ಗೊತ್ತಾಗುತ್ತದೆ, ಚುಚ್ಚುವುದಿಲ್ಲ. ಹೀಗಿದ್ದರೆ ಸರಿ. ಹೆಬ್ಬೆರಳ ಬುಡದ ಮಾಂಸ ಒತ್ತಿದ ಹಾಗೆ ಮೆತ್ತಗಿದ್ದರೆ ಕೊಬ್ಬು ಜಾಸ್ತಿಯಾಗಿದೆ. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ, ಬಾಲದ ಬುಡ, ಈ ನಾಲ್ಕು ಕಡೆ ಕೈ ಆಡಿಸಿ. ತಿಂಗಳಿಗೊಮ್ಮೆ, ಅಮಾವಾಸ್ಯೆಗೋ ಹುಣ್ಣಿಮೆಗೋ ನೆನಪಿಟ್ಟುಕೊಂಡು ಮಾಡಿ. ಫೋನಿನಲ್ಲಿ ಹಿಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ದಿನಾ ನೋಡುವ ಕಣ್ಣಿಗೆ ಹಸು ಇಳಿದಿದ್ದು ಕಾಣುವುದಿಲ್ಲ, ಫೋಟೋಗೆ ಕಾಣುತ್ತದೆ.

ಈ ವಿದ್ಯೆಯ ದೊಡ್ಡ ಭಾಗ ಬಂದಿರುವುದು ಅಮೆರಿಕ, ಆಸ್ಟ್ರೇಲಿಯಾ ಕಡೆಯಿಂದ. ಅಲ್ಲಿ ಮಾಂಸಕ್ಕಾಗಿ ಸಾಕುವ ಹಸುಗಳು ವರ್ಷವಿಡೀ ಬಯಲಲ್ಲೇ ಮೇಯುತ್ತವೆ. ಯಾರೂ ಹಾಲು ಕರೆಯುವುದಿಲ್ಲ, ಹಾಲೆಲ್ಲ ಕರುವಿಗೆ. ವರ್ಷಕ್ಕೊಂದು ಗಟ್ಟಿ ಕರು ಬಂದರೆ ಲಾಭ, ಇಲ್ಲದಿದ್ದರೆ ನಷ್ಟ. ನಮ್ಮಲ್ಲಿ ಉದ್ದೇಶವೇ ಬೇರೆ, ಕಾನೂನೂ ಬೇರೆ. ಆದರೆ ಹಲ್ಲಿಕಾರ್ ಸಾಕುವವರ ಲೆಕ್ಕ ಇದಕ್ಕೆ ತುಂಬ ಹತ್ತಿರ. ಹಲ್ಲಿಕಾರ್ ಹಸು ಎರಡು ಲೀಟರ್ ಕೊಟ್ಟರೆ ಅದೇ ದೊಡ್ಡದು. ನೀವು ಕಾಯುವುದು ಹೋರಿಗರುವಿಗೆ, ಮುಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಜೋಡಿ ಕಟ್ಟುವ ದಿನಕ್ಕೆ, ಅಲ್ವಾ? ಹಾಗಾಗಿ ಡೈರಿ ಹಸುವಿನ ಲೆಕ್ಕ ನಿಮಗೆ ಹೊಂದುವುದಿಲ್ಲ. ಅಂಗಡಿಯವರು ಹೇಳಿದ ನಾಲ್ಕು ಕೆ.ಜಿ ಆ ಡೈರಿ ಲೆಕ್ಕದಿಂದ ಬಂದದ್ದು. ಮಾಂಸದ ಹಸು ಸಾಕುವ ಅಮೆರಿಕದವರು ಹಸುವಿನ ಮೈಗೆ 1ರಿಂದ 9ರವರೆಗೆ ಅಂಕ ಹಾಕುತ್ತಾರೆ. 1 ಅಂದರೆ ಬರೀ ಎಲುಬಿನ ಗೂಡು, 9 ಅಂದರೆ ನಡೆಯಲಾರದಷ್ಟು ಕೊಬ್ಬು. ಕರು ಹಾಕುವ ದಿನ ಹಸು 5ರಲ್ಲಿ ಇರಬೇಕು, ಮೊದಲ ಸಲದ ಕಡಸು 6ರ ಹತ್ತಿರ ಇದ್ದರೆ ಒಳ್ಳೆಯದು. ಚಪ್ಪಟೆ ಕೈ ಸವರಿದಾಗ ಸಿಕ್ಕಿತಲ್ಲ, ಹೆಚ್ಚುಕಡಿಮೆ ಅದೇ 5.

ಇದರಿಂದ ಆಗುವ ಲಾಭ ಕರು ಹಾಕಿದ ಮೇಲೆ ಗೊತ್ತಾಗುತ್ತದೆ. ವರ್ಷಕ್ಕೊಂದು ಕರು ಬೇಕು ಅಂದರೆ 365ರಲ್ಲಿ ಗಬ್ಬದ 283 ಕಳೆಯಿರಿ. ಉಳಿಯುವುದು 82 ದಿನ. ಅಷ್ಟರೊಳಗೆ ಹಸು ಮತ್ತೆ ಬೆದೆಗೆ ಬಂದು ಗಬ್ಬ ಕಟ್ಟಬೇಕು. ಬಡಕಲಾಗಿ ಕರು ಹಾಕಿದ ಹಸು ಬೆದೆಗೆ ಬರಲು ಬಹಳ ದಿನ ತೆಗೆದುಕೊಳ್ಳುತ್ತದೆ. ಕರು ಹಾಕಿದ ಮೇಲೆ ಮೂಟೆಗಟ್ಟಲೆ ಫೀಡು ಸುರಿದರೂ ಅದು ಮೊದಲು ಹೋಗುವುದು ಹಾಲಿಗೆ. ಬೆನ್ನಿಗೆ ಮಾಂಸ ಬರುವುದು ಕೊನೆಗೆ. ‘ಹಸು ಗೊಡ್ಡಾಯಿತು’ ಅಂತ ಮಾರಿದ ಎಷ್ಟೋ ಹಸುಗಳ ಬೆನ್ನು ಸವರಿ ನೋಡಿದ್ದೇನೆ. ಗೊಡ್ಡೂ ಇಲ್ಲ ಏನೂ ಇಲ್ಲ, ಹಸಿವು ಅಷ್ಟೇ.

ಈಗ ಅಜ್ಜಿ ಮಾತಿಗೆ ಬರೋಣ. ಹಸು ಕೊಬ್ಬಿದರೆ ಕರು ಬರುವ ದಾರಿಯಲ್ಲೂ ಕೊಬ್ಬು ತುಂಬಿ ಹೆರಿಗೆ ಕಷ್ಟ ಆಗುತ್ತದೆ. ಇದು ನಿಜ. ಅಜ್ಜಿಯ ಕಾಲದಲ್ಲಿ ಮನೆಯ ಮುದ್ದಿನ ಹಸುವಿಗೆ ದಿನಾ ರಾಗಿ ಅಂಬಲಿ, ಬೆಲ್ಲ, ಕಾಳು ತಿನ್ನಿಸಿ ಹಾಗೆ ಆಗಿದ್ದನ್ನು ನೋಡಿರಬಹುದು. ಆದರೆ ಬಯಲಲ್ಲಿ ಮೇದು ಬರುವ ಹಲ್ಲಿಕಾರ್ ಹಸು ಏಪ್ರಿಲ್‌ನಲ್ಲಿ ಕೊಬ್ಬುವುದು ಸುಲಭ ಅಲ್ಲ. ಹೊಟ್ಟೆಗೆ ಕಡಿಮೆ ಹಾಕಿದರೆ ಕರು ಸಣ್ಣದಾಗಿ ಸಲೀಸಾಗಿ ಬರುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕರುವಿನ ತೂಕ ಸ್ವಲ್ಪ ಇಳಿಯುತ್ತದೆ, ಹೆರಿಗೆ ಮಾತ್ರ ಸುಲಭ ಆಗುವುದಿಲ್ಲ. ತಾಯಿಗೆ ತಿಣುಕಿ ಕರುವನ್ನು ಹೊರತಳ್ಳುವ ಶಕ್ತಿ ಇರುವುದಿಲ್ಲ. ಕರು ಹುಟ್ಟಿ ಏಳಲು ತಡವರಿಸುತ್ತದೆ. ಗಿಣ್ಣುಹಾಲು ಕಡಿಮೆ. ಕರು ದೊಡ್ಡದಾಗುವುದು ಮುಖ್ಯವಾಗಿ ಹೋರಿಯ ತಳಿಯಿಂದ. ಕಡಸಿಗೆ ದೊಡ್ಡ ಮೈಯ ವಿದೇಶಿ ಡೈರಿ ತಳಿ ಎಚ್‌ಎಫ್‌ನ ವೀರ್ಯ ಕೊಡಿಸಿದ್ದರೆ ನಾನೂ ಅಜ್ಜಿಯ ಜೊತೆ ಕೂತು ಚಿಂತೆ ಮಾಡುತ್ತಿದ್ದೆ. ನೀವು ಹಲ್ಲಿಕಾರ್ ಹೋರಿಯನ್ನೇ ಕೊಡಿಸಿದ್ದೀರಿ. ಒಳ್ಳೆ ಕೆಲಸ ಮಾಡಿದ್ದೀರಿ.

ಹಾಗಾದರೆ ಏನು ಹಾಕಬೇಕು, ಎಷ್ಟು ಹಾಕಬೇಕು?

ಹಸುವಿನ ಮೊದಲ ಹೊಟ್ಟೆಯನ್ನು ದೋಸೆ ಹಿಟ್ಟಿನ ಪಾತ್ರೆ ಅಂದುಕೊಳ್ಳಿ. ಅದರಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತವೆ, ಆಮೇಲೆ ಹಸು ಅದರಿಂದ ಶಕ್ತಿ ಪಡೆಯುತ್ತದೆ. ಬರೀ ಅಕ್ಕಿ ರುಬ್ಬಿಟ್ಟರೆ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ. ಒಂದು ಹಿಡಿ ಉದ್ದು ಬೀಳಬೇಕು. ಒಣಹುಲ್ಲು ಆ ಅಕ್ಕಿ ಇದ್ದ ಹಾಗೆ. ಉದ್ದಿನ ಕೆಲಸ ಮಾಡುವುದು ಹಿಂಡಿ. ಮೇವಿನಲ್ಲಿ ಪ್ರೋಟೀನ್ ನೂರಕ್ಕೆ 7ಕ್ಕಿಂತ ಕೆಳಗಿಳಿದರೆ ಆ ಸೂಕ್ಷ್ಮಜೀವಿಗಳು ಸೊರಗುತ್ತವೆ, ಹುಲ್ಲು ಹೊಟ್ಟೆಯಲ್ಲೇ ಕೂರುತ್ತದೆ. ಹೊಟ್ಟೆ ಖಾಲಿಯಾಗದಿದ್ದರೆ ಹಸು ಮತ್ತೆ ತಿನ್ನುವುದು ಹೇಗೆ? ಫೆಬ್ರವರಿಯ ಒಣ ಬಯಲು ಹುಲ್ಲಿನಲ್ಲಿ, ರಾಗಿ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3ರಿಂದ 5. ಹಾಗಾಗಿ ಮೇವು ಮುಂದೆ ಬಿದ್ದಿದ್ದರೂ ಹಸು ಸೊರಗುತ್ತದೆ. ಇದರ ಗುರುತು ಸಗಣಿಯಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಸಗಣಿ ಮೆತ್ತಗೆ ಹರಡಿಕೊಳ್ಳುತ್ತದೆ. ಪ್ರೋಟೀನ್ ಕಮ್ಮಿಯಾದಾಗ ಗಟ್ಟಿಯಾಗಿ, ಒಂದರ ಮೇಲೊಂದು ಬಿಲ್ಲೆ ಪೇರಿಸಿದ ಹಾಗೆ ಬೀಳುತ್ತದೆ. ಒಡೆದು ನೋಡಿದರೆ ಉದ್ದುದ್ದ ನಾರು. ಬೆರಣಿ ತಟ್ಟುವ ನಿಮ್ಮ ಅಜ್ಜಿಗೆ ಈ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇಳಿ ನೋಡಿ.

ಲೆಕ್ಕ ಹಾಕೋಣ. 270 ಕೆ.ಜಿ ಹಸು ದಿನಕ್ಕೆ ನೀರಿನಂಶ ಬಿಟ್ಟು ಸುಮಾರು 6 ಕೆ.ಜಿ ಒಣ ಮೇವು ತಿನ್ನುತ್ತದೆ. ಅದರಲ್ಲಿ ನೂರಕ್ಕೆ 4 ಪ್ರೋಟೀನ್ ಅಂದರೆ 240 ಗ್ರಾಂ. ಕೊನೆಯ ಮೂರು ತಿಂಗಳಲ್ಲಿ ಬೇಕಾಗುವುದು 500 ಗ್ರಾಂ ಆಸುಪಾಸು. ಕೊರತೆ 260 ಗ್ರಾಂ. ಅರ್ಧ ಕೆ.ಜಿ ಕಡಲೆಕಾಯಿ ಹಿಂಡಿಯಲ್ಲಿ 200 ಗ್ರಾಂ ಸಿಗುತ್ತದೆ, ಅರ್ಧ ಕೆ.ಜಿ ಗೋಧಿ ಬೂಸಾದಲ್ಲಿ 70 ಗ್ರಾಂ. ಮುಗಿಯಿತು. ದಿನಕ್ಕೆ ಒಂದು ಕೆ.ಜಿ. ನಾಲ್ಕು ಕೆ.ಜಿ ಬೇಕಿಲ್ಲ.

ನಾಲ್ಕು ಕೆ.ಜಿ ಹಾಕಿದರೆ ದುಡ್ಡು ದಂಡ ಆಗುವುದರ ಜೊತೆಗೆ ಹಸು ಬಯಲಲ್ಲಿ ಮೇಯುವುದನ್ನೂ ಕಮ್ಮಿ ಮಾಡುತ್ತದೆ. ಸಂಜೆ ಬಕೆಟ್ ಬರುತ್ತದೆ ಅಂತ ಗೊತ್ತಾದ ಹಸು ಮೂರು ಗಂಟೆಗೇ ಮನೆ ಕಡೆ ಮುಖ ಮಾಡಿ ನಿಲ್ಲುತ್ತದೆ. ಮಾಲೀಕರಿಗಿಂತ ಅದಕ್ಕೆ ಟೈಮ್ ಚೆನ್ನಾಗಿ ಗೊತ್ತು.

ಯಾವಾಗ ಶುರು ಮಾಡಬೇಕು? ನೀವು ಸಂಕ್ರಾಂತಿ ವಾರದಲ್ಲಿ ಬರೆದಿದ್ದೀರಿ. ಗಬ್ಬಕ್ಕೆ ಐದು ತಿಂಗಳು ತುಂಬಿದೆ. ಇದು ಒಳ್ಳೆಯ ಸಮಯ. ಈಗಲೇ ಮೂರರ ಬೆನ್ನೂ ಸವರಿ. ಯಾವುದಾದರೂ ಮುಷ್ಟಿ ಗೆಣ್ಣಿನ ಹಾಗೆ ಸಿಕ್ಕಿದರೆ ಅದಕ್ಕೆ ನಾಳೆಯಿಂದಲೇ ಒಂದು ಕೆ.ಜಿ ಶುರು ಮಾಡಿ. ಈ ಗಾತ್ರದ ಹಸು ಒಂದು ಅಂಕ ಮೇಲೇರಲು 20 ಕೆ.ಜಿ ಮೇಲೆ ಮೈ ಹಿಡಿಯಬೇಕು. ಅದಕ್ಕೆ ಸಿಗುವ ಸಲೀಸಾದ ಕಾಲ ಈ ಐದು ವಾರ ಅಷ್ಟೇ. ಆಮೇಲೆ ಹಾಕಿದ್ದರಲ್ಲಿ ಕರು ತನ್ನ ಪಾಲು ಎಳೆದುಕೊಳ್ಳುತ್ತದೆ. ಚೆನ್ನಾಗಿರುವ ಹಸುವಿಗೆ ಶಿವರಾತ್ರಿ ಹೊತ್ತಿಗೆ ಶುರು ಮಾಡಿದರೂ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದೂವರೆ ಕೆ.ಜಿಗೆ ಏರಿಸಿ, ಯಾಕೆಂದರೆ ಆಗ ಬಯಲಲ್ಲಿ ಹೊಟ್ಟೆ ತುಂಬುವುದಿಲ್ಲ. ಕರು ದೊಡ್ಡದಾಗಿ ಹೊಟ್ಟೆಯ ಜಾಗವನ್ನೂ ಒತ್ತಿರುತ್ತದೆ.

ಕಡಸಿನ ವಿಷಯ ಬೇರೆ. ಅದು ಇನ್ನೂ ತಾನೇ ಬೆಳೆಯುತ್ತಿದೆ, ಒಳಗೆ ಕರುವೂ ಬೆಳೆಯುತ್ತಿದೆ, ಹಲ್ಲೂ ಬೀಳುತ್ತಿವೆ. ಹಸುಗಳ ಜೊತೆ ಕಟ್ಟಿ ಒಂದೇ ಗೊಂತಿನಲ್ಲಿ ಹಾಕಿದರೆ ದೊಡ್ಡವು ಕೊಂಬು ಬೀಸಿ ಓಡಿಸುತ್ತವೆ. ಅದನ್ನು ಬೇರೆ ಕಟ್ಟಿ. ಈಗಿನಿಂದಲೇ ಒಂದೂವರೆ ಕೆ.ಜಿ, ಕೊನೆಯ ಎರಡು ತಿಂಗಳು ಎರಡು ಕೆ.ಜಿ ತನಕ ಹಾಕಿ. ಮೂರರಲ್ಲಿ ಒಂದಕ್ಕೆ ಮಾತ್ರ ಖರ್ಚು ಮಾಡುವಷ್ಟು ದುಡ್ಡು ಇದ್ದರೆ ಕಡಸಿಗೇ ಹಾಕಿ.

ತೂಕ ಗೊತ್ತಿಲ್ಲದಿದ್ದರೆ ಟೈಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆಯಿರಿ. ಹೆಗಲ ಮೂಳೆಯ ತುದಿಯಿಂದ ಹಿಂಭಾಗದ ಕುಂಡೆ ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 60, ಉದ್ದ 50 ಇದ್ದರೆ 272 ಕೆ.ಜಿ ಬರುತ್ತದೆ. ಅಳೆಯುವುದು ಎದೆಯನ್ನಾದ್ದರಿಂದ ಗಬ್ಬದ ಹೊಟ್ಟೆ ಈ ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಕಡಲೆಕಾಯಿ ಹಿಂಡಿ ದುಬಾರಿ ಅನ್ನುತ್ತೀರಿ, ಗೊತ್ತು. ಹತ್ತಿಕಾಳು ಹಿಂಡಿಯಾದರೆ ಅರ್ಧ ಕೆ.ಜಿ ಬದಲು ಮುಕ್ಕಾಲಿನಿಂದ ಒಂದು ಕೆ.ಜಿ ಹಾಕಬೇಕಾಗುತ್ತದೆ, ಅದರಲ್ಲಿ ಪ್ರೋಟೀನ್ ಅರ್ಧದಷ್ಟೇ. ಹುರುಳಿ ಇದ್ದರೆ ಬೇಯಿಸಿ ಕೊಡಿ. ನಂದಿನಿ ಪಶು ಆಹಾರದಂಥ ರೆಡಿ ಫೀಡಿನಲ್ಲಿ ಪ್ರೋಟೀನ್ ನೂರಕ್ಕೆ 20ರ ಆಸುಪಾಸು ಇರುತ್ತದೆ. ಅದೊಂದನ್ನೇ ಹಾಕುವುದಾದರೆ ಒಂದೂಕಾಲು ಕೆ.ಜಿ ಸಾಕು. ಹಿಂಡಿ ಯಾವುದೇ ಇರಲಿ, ಬೂಷ್ಟು ಹಿಡಿದದ್ದು ಬೇಡ. ಕಡಲೆಕಾಯಿ ಹಿಂಡಿಯ ಬೂಷ್ಟಿನ ವಿಷ ಲಿವರ್ ಕೆಡಿಸುತ್ತದೆ. ಒಂದೇ ಸಲ ನಾಲ್ಕು ಮೂಟೆ ತರಬೇಡಿ. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸಬೇಡಿ.

ನಿಮ್ಮ ಕಡೆ ದುಡ್ಡಿಲ್ಲದೆ ಸಿಗುವುದೂ ಇದೆ. ಈಗ ಅವರೆಕಾಯಿ ಕಾಲ. ಮಾಗಡಿ ಕಡೆ ಮನೆಮನೆಯಲ್ಲೂ ಅವರೆ ಸಿಪ್ಪೆ ರಾಶಿ ಬೀಳುತ್ತದೆ. ಹಸಿಯಾಗಿಯೇ ದಿನಕ್ಕೆ ಎರಡು ಮೂರು ಕೆ.ಜಿ ಹಾಕಿ. ಮಿಕ್ಕಿದ್ದನ್ನು ಒಣಗಿಸಿಡಿ. ಕಡಲೆಕಾಯಿ ಬಳ್ಳಿ ಸಿಕ್ಕರೆ ಬಿಡಲೇಬೇಡಿ, ಅದು ರಾಗಿ ಹುಲ್ಲಿಗಿಂತ ಎರಡು ಪಟ್ಟು ಸತ್ವದ್ದು. ಬಸವನಗುಡಿ ಪರಿಷೆಯಲ್ಲಿ ಬಸವನಿಗೆ ಕಡಲೆಕಾಯಿ ಒಪ್ಪಿಸುತ್ತೇವೆ, ಬಸವನ ತಾಯಿಗೆ ಬಳ್ಳಿಯಾದರೂ ಬೇಡವೇ? ರೇಷ್ಮೆ ಮಾಡುವವರು ಅಕ್ಕಪಕ್ಕ ಇದ್ದರೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಸೊಪ್ಪು ಕೇಳಿ. ಸೊಪ್ಪಿನಲ್ಲಿ ಪ್ರೋಟೀನ್ ಬೂಸಾಕ್ಕಿಂತ ಕಮ್ಮಿ ಇಲ್ಲ. ಆದರೆ ಔಷಧಿ ಹೊಡೆದ ತೋಟದ್ದಾ ಅಂತ ವಿಚಾರಿಸಿ. ಬೇಲಿಯಲ್ಲಿ ಅಗಸೆ ಮರ, ನುಗ್ಗೆ ಇದ್ದರೆ ಅದರ ಸೊಪ್ಪೂ ಆಗುತ್ತದೆ. ಸುಬಾಬುಲ್ ಒಟ್ಟು ಮೇವಿನ ಕಾಲು ಭಾಗ ಮೀರದಿರಲಿ. ದಿನಕ್ಕೆ ಎರಡು ಮೂರು ಕೆ.ಜಿ ಏನಾದರೂ ಹಸಿರು ಬಿದ್ದರೆ ಎ ಜೀವಸತ್ವದ ಚಿಂತೆ ಇರುವುದಿಲ್ಲ. ಮಳೆಗಾಲದಲ್ಲಿ ಹಸು ಲಿವರ್‌ನಲ್ಲಿ ಕೂಡಿಟ್ಟ ಎ ಜೀವಸತ್ವ ಎರಡರಿಂದ ನಾಲ್ಕು ತಿಂಗಳಲ್ಲಿ ಖರ್ಚಾಗಿಬಿಡುತ್ತದೆ. ಬರೀ ಒಣಹುಲ್ಲಿನಲ್ಲಿ ಬೇಸಿಗೆ ಕಳೆದ ಹಸುವಿಗೆ ಮಾಸು ಬೀಳದಿರುವುದು, ಕರು ನಿಶ್ಶಕ್ತವಾಗಿ ಹುಟ್ಟುವುದು ಇದರಿಂದಲೂ ಆಗುತ್ತದೆ.

ಬಿಯರ್ ಕಾರ್ಖಾನೆಯ ಬಾರ್ಲಿ ವೇಸ್ಟನ್ನು ಬೆಂಗಳೂರು ಸುತ್ತ ಬಹಳ ಜನ ಹಾಕುತ್ತಾರೆ. ಕೆಟ್ಟದ್ದೇನಲ್ಲ, ಪ್ರೋಟೀನ್ ಚೆನ್ನಾಗಿದೆ. ಆದರೆ ಮುಕ್ಕಾಲು ಪಾಲು ನೀರು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಬೂಷ್ಟು. ತಾಜಾ ಸಿಕ್ಕರೆ ಮಾತ್ರ ತನ್ನಿ.

ರಾಗಿ ಹುಲ್ಲು ನಿಮ್ಮ ಭಾಗ್ಯ. ಕ್ಯಾಲ್ಸಿಯಂ ಅದರಲ್ಲಿ ಚೆನ್ನಾಗಿದೆ, ಹಸುವೂ ಇಷ್ಟಪಟ್ಟು ತಿನ್ನುತ್ತದೆ. ಮೆದೆ ಖಾಲಿಯಾಗಿ ಮಂಡ್ಯ ಕಡೆಯಿಂದ ಲಾರಿಯಲ್ಲಿ ಬರುವ ಭತ್ತದ ಹುಲ್ಲು ಕೊಳ್ಳುವ ಗತಿ ಬಂದರೆ ಅದಕ್ಕೆ ಯೂರಿಯಾ ಉಪಚಾರ ಮಾಡಿ. 100 ಕೆ.ಜಿ ಹುಲ್ಲಿಗೆ 4 ಕೆ.ಜಿ ಯೂರಿಯಾ, 50ರಿಂದ 60 ಲೀಟರ್ ನೀರು. ಪೂರ್ತಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನ್ ಹೊದಿಸಿ 21 ದಿನ ಬಿಗಿಯಾಗಿ ಮುಚ್ಚಿಡಿ. ಹಾಕುವ ಮೊದಲು ಸ್ವಲ್ಪ ಹೊತ್ತು ಹರಡಿ ಘಾಟು ಹೋಗಲು ಬಿಡಿ. ಆ ಯೂರಿಯಾ ನೀರಿನ ಬಕೆಟ್ ಹಸುವಿನ ಬಾಯಿಗೆ ಸಿಗಬಾರದು. ಕುಡಿದರೆ ಡಾಕ್ಟರ್ ಬರುವಷ್ಟೂ ಹೊತ್ತು ಉಳಿಯುವುದಿಲ್ಲ.

ಹಿಂಡಿ ಹಾಕಲು ಒಂದು ದಿನ ಮರೆತರೆ ಗಾಬರಿ ಬೇಡ. ಹಿಂಡಿಯನ್ನು ಎರಡು ದಿನಕ್ಕೊಮ್ಮೆ ಎರಡು ಪಾಲು ಸೇರಿಸಿ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನ. ಹಸುವಿನ ಮೈಯೇ ಪ್ರೋಟೀನಿನಲ್ಲಿರುವ ಸಾರಜನಕವನ್ನು ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೆ ಕಳಿಸಿಕೊಳ್ಳುತ್ತದೆ. ಧಾನ್ಯಕ್ಕೆ, ಯೂರಿಯಾ ಬೆರೆಸಿದ ಫೀಡಿಗೆ ಈ ಮಾತು ಅನ್ವಯಿಸುವುದಿಲ್ಲ. ಅವನ್ನು ಗುಡ್ಡೆ ಹಾಕಿ ಕೊಡಲೇಬಾರದು.

ಧಾನ್ಯ ಅಂದಾಗ ನೆನಪಾಯಿತು. ಕಲಗಚ್ಚು ಕೊಡಿ, ತೊಂದರೆ ಇಲ್ಲ. ಆದರೆ ಲಗ್ನದ ಸೀಸನ್‌ನಲ್ಲಿ ಕಲ್ಯಾಣ ಮಂಟಪದಿಂದ ಮಿಕ್ಕಿದ ಅನ್ನ ತಂದು ಸುರಿಯುತ್ತಾರಲ್ಲ, ಅದು ಬೇಡ. ಹಲವು ವರ್ಷದ ಹಿಂದೆ ಒಂದು ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ತುಂಬು ಗಬ್ಬದ ಹಸು, ಮಧ್ಯಾಹ್ನ ಒಂದು ದೊಡ್ಡ ಪಾತ್ರೆ ಅನ್ನ, ಮೇಲೆ ಪಾಯಸ ತಿಂದಿತ್ತು. ಮಾಲೀಕರು ಪುಣ್ಯ ಬರುತ್ತದೆ ಅಂತಲೇ ತಿನ್ನಿಸಿದ್ದರು. ನಾನು ಹೋಗುವಷ್ಟರಲ್ಲಿ ಮಲಗಿಬಿಟ್ಟಿತ್ತು, ಹೊಟ್ಟೆಯೊಳಗೆ ಹುಳಿ ಏರಿ ಕಣ್ಣು ಒಳಕ್ಕೆ ಹೋಗಿತ್ತು. ಬೆಳಗಿನ ಜಾವಕ್ಕೆ ಹಸುವೂ ಹೋಯಿತು, ಒಳಗಿದ್ದ ಕರುವೂ ಹೋಯಿತು. ಅವತ್ತು ಮದುವೆ ಮನೆಯವರ ಹೋಳಿಗೆ ಡಬ್ಬಿ ನನ್ನ ಕೈಗೂ ಕೊಟ್ಟಿದ್ದರು. ಅದು ಹಾಗೇ ಸ್ಕೂಟರ್ ಡಿಕ್ಕಿಯಲ್ಲಿ ಉಳಿದುಬಿಟ್ಟಿತು.

ಖನಿಜ ಮಿಶ್ರಣ ದಿನಕ್ಕೆ 40 ಗ್ರಾಂ, ಉಪ್ಪು 30 ಗ್ರಾಂ ಹಿಂಡಿಯಲ್ಲಿ ಕಲಸಿಬಿಡಿ. ಮಣ್ಣಿನಲ್ಲಿ ಇಲ್ಲದ ಖನಿಜ ಹುಲ್ಲಿನಲ್ಲೂ ಇರುವುದಿಲ್ಲ. ಅದಕ್ಕೇ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಪ್ರದೇಶಕ್ಕೆ ತಕ್ಕ ಮಿಶ್ರಣಗಳನ್ನು ರೂಪಿಸಿದ್ದಾರೆ. ಕೊಳ್ಳುವಾಗ ಅಂಥದ್ದು ಕೇಳಿ. ಕ್ಯಾಲ್ಸಿಯಂ ಬಾಟಲಿ ಈಗ ಬೇಡವೇ ಬೇಡ. ಕರು ಹಾಕುವುದಕ್ಕೆ ಮುಂಚಿನ ಮೂರು ವಾರ ಕ್ಯಾಲ್ಸಿಯಂ ಸುರಿದರೆ ಮೂಳೆಯಿಂದ ತಾನೇ ತೆಗೆದುಕೊಳ್ಳುವ ಅಭ್ಯಾಸ ಹಸುವಿನ ಮೈಗೆ ತಪ್ಪಿಹೋಗುತ್ತದೆ. ಜಾಸ್ತಿ ಹಾಲಿನ ಹಸುವಾದರೆ ಕರು ಹಾಕಿದ ದಿನವೇ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು, ಅಂದರೆ ಹಾಲುಜ್ವರ ಬಂದು ಬೀಳಬಹುದು. ಎರಡು ಲೀಟರಿನ ಹಲ್ಲಿಕಾರ್‌ಗೆ ಆ ಭಯ ಕಡಿಮೆ, ಆದರೆ ಆ ದುಡ್ಡಲ್ಲಿ ಹದಿನೈದು ದಿನದ ಬೂಸಾ ಬರುತ್ತದೆ.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಏಪ್ರಿಲ್ ಬಿಸಿಲಲ್ಲಿ ಹಸುವಿಗೆ ದಿನಕ್ಕೆ 30ರಿಂದ 40 ಲೀಟರ್ ಬೇಕು. ಬೆಳಿಗ್ಗೆ ಬಿಡುವಾಗ, ಸಂಜೆ ಬಂದಾಗ ಎರಡು ಹೊತ್ತೂ ಇಡಿ. ನೀರು ಕಡಿಮೆಯಾದರೆ ಒಣಹುಲ್ಲು ತಿನ್ನುವುದೇ ಇಲ್ಲ.

ನನಗೆ ಹಿಂಡಿಗಿಂತ ಜಾಸ್ತಿ ಚಿಂತೆ ಇರುವುದು ನೀವು ಸುಮ್ನೆ ಒಂದೇ ಮಾತಲ್ಲಿ ಬರೆದು ಬಿಟ್ಟಿರುವ ‘ಖಾಲಿ ಸೈಟು’ ಬಗ್ಗೆ. ಲೇಔಟ್ ಅಂದರೆ ಕಟ್ಟಡ ಕೆಲಸ. ಕಟ್ಟಡ ಕೆಲಸ ಅಂದರೆ ಮೊಳೆ, ಬೈಂಡಿಂಗ್ ವೈರಿನ ತುಂಡು. ಹಸು ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ, ಆಡಿನ ಹಾಗೆ ಆರಿಸಿ ತಿನ್ನುವುದಿಲ್ಲ. ನುಂಗಿದ ಮೊಳೆ ಎರಡನೇ ಹೊಟ್ಟೆಯಲ್ಲಿ ಹೋಗಿ ಕೂರುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ಒಂದು ತೆಳು ಪರದೆ. ತಿಂಗಳುಗಟ್ಟಲೆ ಏನೂ ಆಗದೆ ಇರಬಹುದು. ಗಬ್ಬ ಎಂಟು ಒಂಬತ್ತು ತಿಂಗಳಾದಾಗ ದೊಡ್ಡದಾದ ಗರ್ಭಕೋಶ ಹೊಟ್ಟೆಯನ್ನು ಮುಂದಕ್ಕೆ ದೂಡುತ್ತದೆ, ಕರು ಹಾಕುವಾಗ ಹಸು ತಿಣುಕುತ್ತದೆ. ಆಗ ಮೊಳೆ ಸೀದಾ ಹೃದಯದ ಕಡೆ ಹೋಗಬಹುದು. ಗಬ್ಬದ ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟು, ಬೆನ್ನು ಬಾಗಿಸಿ, ಮುಂಗಾಲು ಅಗಲಿಸಿ ನಿಂತರೆ, ಇಳಿಜಾರು ಇಳಿಯಲು ಹಿಂದೇಟು ಹಾಕಿದರೆ, ಗಂಟಲ ಕೆಳಗೆ ಊತ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅವತ್ತೇ ಪಶು ಆಸ್ಪತ್ರೆಗೆ ಹೇಳಿ, ಬೇಕಾದರೆ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕರೆದುಕೊಂಡು ಹೋಗಿ. ಹೊಟ್ಟೆಗೆ ಹಾಕುವ ಅಯಸ್ಕಾಂತ ಸಿಗುತ್ತದೆ, ಡಾಕ್ಟರ್ ಹತ್ತಿರ ಮಾತಾಡಿ ಈಗಲೇ ಮೂರಕ್ಕೂ ಹಾಕಿಸಿ. ಪ್ಲಾಸ್ಟಿಕ್ ಕವರ್‌ಗೆ ಮಾತ್ರ ಯಾವ ಅಯಸ್ಕಾಂತವೂ ಇಲ್ಲ. ಹೊಟ್ಟೆ ತುಂಬ ಕವರ್ ಇರುವ ಹಸುವಿಗೆ ಎಂಥ ಹಿಂಡಿ ಹಾಕಿದರೂ ಮೈ ಹಿಡಿಯುವುದಿಲ್ಲ. ಸೈಟುಗಳ ಮೇವು ಈ ಮೂರು ತಿಂಗಳಾದರೂ ತಪ್ಪಿಸಿ.

ಕೆರೆ ಅಂಗಳದಲ್ಲಿ ಬೇಸಿಗೆಯಲ್ಲೂ ಹಸಿರು ಇರುತ್ತದೆ, ಹಸು ಅಲ್ಲಿಗೇ ಓಡುತ್ತದೆ. ಚರಂಡಿ ನೀರು ಸೇರುವ ಕೆರೆಯಾದರೆ ಆ ಹುಲ್ಲು ಬೇಡ. ಒಳ್ಳೆಯ ಕೆರೆಯಾದರೂ ಬಸವನಹುಳು ಇರುವ ಕಡೆ ಲಿವರ್ ಹುಳು ಇರಬಹುದು. ಅದು ಸೇರಿಕೊಂಡರೆ ನೀವು ಹಾಕುವ ಹಿಂಡಿ ಹಸುವಿನ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸಗಣಿ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಹುಳುವಿನ ಔಷಧಿ ಕೊಡಿ. ಗಬ್ಬ ಅಂತ ಅವರಿಗೆ ಹೇಳುವುದನ್ನು ಮರೆಯಬೇಡಿ, ಎಲ್ಲ ಔಷಧಿಯೂ ಗಬ್ಬಕ್ಕೆ ಆಗುವುದಿಲ್ಲ.

ಮೇ ಮೊದಲ ವಾರದಿಂದ ದೂರ ಬಿಡಬೇಡಿ, ಮನೆ ಹತ್ತಿರವೇ ಮೇಯಿಸಿ. ಕರು ಹಾಕಿದ ಮೇಲೆ ಗಿಣ್ಣು ಕೇಳಿಕೊಂಡು ನೆಂಟರು ಬರುತ್ತಾರೆ, ಲೇಔಟಿನವರೂ ಬರುತ್ತಾರೆ. ಮೊದಲ ಆರು ಗಂಟೆಯೊಳಗೆ ಕರುವಿನ ಹೊಟ್ಟೆಗೆ ಎರಡು ಲೀಟರ್ ಹೋಗಲಿ, ಆಮೇಲೆ ಉಳಿದರೆ ಅವರಿಗೆ. ಹಿಂಡಿಯನ್ನು ಕರು ಬಂತು ಅಂತ ನಿಲ್ಲಿಸಬೇಡಿ. ಮುಂಗಾರಿನ ಹುಲ್ಲು ಕೈಗೆ ಸಿಗುವಷ್ಟು ಎದ್ದ ಮೇಲೆ, ಜುಲೈ ಹೊತ್ತಿಗೆ, ಬೆನ್ನು ಸವರಿ ನೋಡಿ ಕಡಿಮೆ ಮಾಡುತ್ತಾ ಬನ್ನಿ.

ಇನ್ನು ಗೃಹಪ್ರವೇಶ. ಈಗ ಒಂದೆರಡು ಸಲ ನಡೆಸಿಕೊಂಡು ಹೋಗುವಷ್ಟು ಹತ್ತಿರ ಆದರೆ ಕಳಿಸಿ. ಬಾಳೆಹಣ್ಣು ನಾಲ್ಕು ತಿಂದರೆ ಏನೂ ಆಗುವುದಿಲ್ಲ, ಮೊರದ ತುಂಬ ಅಕ್ಕಿ ಬೆಲ್ಲ ಬೇಡ ಅಂತ ಮೊದಲೇ ಹೇಳಿಬಿಡಿ. ಮಾರ್ಚ್ ಆದ ಮೇಲೆ ಬೇಡ. ಟೆಂಪೋ ಹತ್ತಿಸುವುದು, ಹೊಸ ಮನೆಯ ನುಣ್ಣನೆ ಟೈಲ್ಸ್ ಮೇಲೆ ತುಂಬು ಗಬ್ಬದ ಹಸು ನಡೆಸುವುದು ಎರಡೂ ಅಪಾಯ. ಒಂದು ಕಾಲು ಜಾರಿದರೆ ಸೊಂಟ ಹೋಯಿತು. ಸ್ವಲ್ಪ ಕಾಯಿರಿ ಅನ್ನಿ. ಮೇ ಕೊನೆಗೆ ಕರು, ಆಮೇಲೆ ಆಷಾಢ ಬರುತ್ತದೆ, ಆಗ ಯಾರೂ ಗೃಹಪ್ರವೇಶ ಮಾಡುವುದಿಲ್ಲ. ಶ್ರಾವಣದ ಹೊತ್ತಿಗೆ ಕರುವಿಗೂ ಎರಡು ತಿಂಗಳು ತುಂಬಿರುತ್ತದೆ. ಆಗ ಹಸು ಕರು ಎರಡನ್ನೂ ಕಳಿಸಿ, ಬಾಡಿಗೆಯೂ ಜಾಸ್ತಿ ಕೇಳಿ.